ಗಾಡಿಯ ಕೆಳಗೆ ಅಕ್ಕ

ಗುಜರಿಯವನು ಬಂದಾಗ ಅಕ್ಕ ಒಂದು ಕೋಟಿಗೆ ತೋಳು ಕೂರಿಸುತ್ತಿದ್ದಳು. ಅದು ಉಸಿರು ಬಿಗಿಹಿಡಿದು ಮಾಡುವ ಕೆಲಸ. ಸುತ್ತಿನುದ್ದಕ್ಕೂ ಬಟ್ಟೆಯನ್ನು ಚೂರುಚೂರೇ ಒಳಗೆ ತುಂಬಿಕೊಳ್ಳುತ್ತ ಹೋಗಬೇಕು, ಎಲ್ಲಿಯೂ ಸುಕ್ಕು ಕಾಣಬಾರದು. ಅಂಥ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಇವಳು ತಲೆ ಎತ್ತುವವಳಲ್ಲ ಎಂದು ಅವಳ ಗಂಡ ಹೇಳುವುದಿತ್ತು. ಆದರೆ ಅಂದು ಕಿಟಕಿಯಾಚೆ, ಶೆಡ್ಡಿನ ಮುಂದೆ, ತಮ್ಮ ಆಡಿದ ಒಂದು ಮಾತಿಗೆ ಪೆಡಲಿನ ಮೇಲಿದ್ದ ಅವಳ ಕಾಲು ನಿಂತುಬಿಟ್ಟಿತು.

"ತಗೊಂಡು ಹೋಗಪ್ಪ. ಅದೂ ಇನ್ನು ಓಡಲ್ಲ, ನಾನೂ ಓಡಿಸಲ್ಲ."

ಅಳತೆಯ ಟೇಪು ಕೊರಳಲ್ಲಿ ನೇತಾಡುತ್ತಿದ್ದ ಹಾಗೇ ಅವಳು ಎದ್ದು ಹೊರಗೆ ಬಂದಳು. ಗುಜರಿಯವನು ಆಗಲೇ ಹಗ್ಗ ಬಿಚ್ಚುತ್ತಿದ್ದ. ತಮ್ಮ ಕೈಕೋಲು ಹಿಡಿದು ನೆಲ ನೋಡುತ್ತ ನಿಂತಿದ್ದ. ಶೆಡ್ಡಿನೊಳಗೆ ಆ ಕರಿಯ ಗಾಡಿ, ಹಳೆ ಕಾಲದ ಕಾರು, ನಾಲ್ಕು ಸ್ಟ್ಯಾಂಡುಗಳ ಮೇಲೆ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕೂತಿತ್ತು.

ಗಾಡಿ ಕೊಡುವುದಿಲ್ಲ ಎಂದಳು ಅಕ್ಕ. ಯಾಕೆ ಅಂದಳೋ ಅವಳಿಗೇ ತಿಳಿಯಲಿಲ್ಲ. ಶೆಡ್ಡು ಖಾಲಿ ಮಾಡು, ನನಗೆ ಬಟ್ಟೆ ಇಡಲು ಜಾಗವಿಲ್ಲ ಎಂದು ವರ್ಷವಿಡೀ ಕೊರೆದವಳು ಅವಳೇ. ಗುಜರಿಯವನು ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡಿದ. ಪಾಪ, ಅಷ್ಟು ದೂರದಿಂದ ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಅವಳು ಅವನಿಗೆ ಚಹಾ ಕೊಟ್ಟು, ಹಿತ್ತಿಲಲ್ಲಿ ತುಕ್ಕು ಹಿಡಿದಿದ್ದ ಸೈಕಲ್ಲನ್ನೂ ತೂತು ಬಿದ್ದ ನೀರಿನ ಡ್ರಮ್ಮನ್ನೂ ಅವನ ಗಾಡಿಗೆ ತಾನೇ ಎತ್ತಿ ಹಾಕಿದಳು. ಆ ಸೈಕಲ್ ತನ್ನದೆಂದು ಅವಳ ಗಂಡನಿಗೆ ನೆನಪಾದದ್ದು ಎರಡು ದಿನದ ಮೇಲೆ.

ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರು ಕೂಡ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆಯಂಗಡಿ. ಗಂಡ ಅಚ್ಚುಕೂಟದಲ್ಲಿ ಸೀಸದ ಅಕ್ಷರ ಜೋಡಿಸುತ್ತಿದ್ದವನು. ಈಗ ಕೆಲಸ ಬಿಟ್ಟು, ಬೆಳಗಿನ ಪತ್ರಿಕೆಯಲ್ಲಿ ಅಚ್ಚಿನ ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ತಪ್ಪು ಸಿಕ್ಕ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು. ತಮ್ಮ ಮದುವೆಯಾಗಲಿಲ್ಲ. ಚಿಕ್ಕಂದಿನಿಂದ ಗ್ಯಾರೇಜಿನಲ್ಲೇ ಬೆಳೆದು, ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಹೋಗದೆ, ಗ್ರೀಸಪ್ಪ ಎಂಬ ಹೆಸರು ಅವನಿಗೆ ಅಂಟಿಕೊಂಡಿತ್ತು. ಸಂಬಂಧ ಕುದುರಿಸಲು ಯಾರಾದರೂ ಬಂದರೆ, ನನಗೆ ಆಗಲೇ ಕರಿಯ ಹೆಂಡತಿ ಇದ್ದಾಳೆ, ಬೆಳಗ್ಗೆ ಎದ್ದರೆ ಕೆಮ್ಮುತ್ತಾಳೆ ಎಂದು ಈ ಗಾಡಿಯನ್ನು ತೋರಿಸುತ್ತಿದ್ದ.

ಗಾಡಿ ಹಿಂದೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಒಬ್ಬ ಡಾಕ್ಟರಮ್ಮನದು. ಆಕೆ ತೀರಿಕೊಂಡ ಮೇಲೆ ಯಾರದೋ ಹಿತ್ತಿಲಲ್ಲಿ ಬಿದ್ದು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗ್ರೀಸಪ್ಪ ಅದನ್ನು ಎಳೆದು ತಂದು, ಒಂದೊಂದೇ ಭಾಗ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಜೀವ ಬರಿಸಿದ್ದ. ದುಂಡು ದೀಪ, ಉಬ್ಬಿದ ಕೆನ್ನೆ, ಹಿಂದೆ ಇಳಿಜಾರು ಬೆನ್ನು. ಮಕ್ಕಳು ಅದನ್ನು ಕಂಡರೆ ಓಡಿ ಬಂದು ಮುಟ್ಟಿ ನೋಡುತ್ತಿದ್ದರು. ಒಂದು ದಿನ ಅದರ ಹೊಟ್ಟೆಯೊಳಗೆ ಟಕ್ ಟಕ್ ಸದ್ದು ಶುರುವಾಯಿತು. ಶಾಫ್ಟಿನ ಕೀಲು ಸವೆದಿದೆ ಎಂದು ಅವನು ಶಾಫ್ಟನ್ನು ಇಳಿಸಿ, ಹೊಸ ಕೀಲಿನ ಸಾಮಾನು ತಂದಿಟ್ಟ. ಅದನ್ನು ಹಾಕುವ ಮೊದಲೇ ಗ್ಯಾರೇಜಿನಲ್ಲಿ ಬೇರೊಬ್ಬರ ಇಂಜಿನ್ ಎತ್ತಲು ಹೋಗಿ ಬೆನ್ನು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮೇಲೆ ಭಾರ ಎತ್ತಬೇಡ, ನೆಲದ ಮೇಲೆ ಮಲಗಿ ತೆವಳಬೇಡ ಎಂದರು ಡಾಕ್ಟರು. ಗ್ಯಾರೇಜಿನವನಿಗೆ ಹಾಗೆ ಹೇಳುವುದೆಂದರೆ ಮೀನಿಗೆ ನೀರಿಗಿಳಿಯಬೇಡ ಎಂದ ಹಾಗೆ.

ಗ್ಯಾರೇಜು ಬೇರೆಯವರ ಕೈಗೆ ಹೋಯಿತು. ಅವನು ಅಕ್ಕನ ಮನೆಗೆ ಬಂದ. ಮಾತಿಗೊಂದು ಕುಚೇಷ್ಟೆ ಮಾಡುತ್ತಿದ್ದವನು ಬಾಯಿಗೆ ಬೀಗ ಹಾಕಿಕೊಂಡು ಕೂತ. ತರಕಾರಿ ಹೆಚ್ಚಿ ಕೊಡುತ್ತಿದ್ದ, ಅದೂ ಒಂದು ತುಂಡು ಹೆಬ್ಬೆರಳಷ್ಟು, ಇನ್ನೊಂದು ಕಿರುಬೆರಳಷ್ಟು. ಅಕ್ಕ ಬೈದರೂ ತಿರುಗಿ ಬೈಯುತ್ತಿರಲಿಲ್ಲ. ಅವಳನ್ನು ಹೆಚ್ಚು ಹೆದರಿಸಿದ್ದು ಅದೇ.

ಗುಜರಿಯವನು ಹೋದ ಮೇಲೆ ಗ್ರೀಸಪ್ಪ ಮೆಲ್ಲಗೆ ಕೇಳಿದ.

"ಅಲ್ಲ ಅಕ್ಕ, ಇಟ್ಕೊಂಡು ಏನು ಮಾಡ್ತೀಯ? ಅದರ ಕೆಳಗೆ ಹೋಗೋರು ಯಾರು? ನನ್ನ ಬೆನ್ನು ಹೋಗಲ್ಲ, ಭಾವನ ಹೊಟ್ಟೆ ಹೋಗಲ್ಲ."

"ನಾನು ಹೋಗ್ತೀನಿ," ಎಂದಳು ಅಕ್ಕ. "ನೀನು ಕೂತು ಹೇಳು, ನಾನು ಮಲಗಿ ಮಾಡ್ತೀನಿ."

ಅವನು ನಗಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. ಪಡಸಾಲೆಯಿಂದ ಪತ್ರಿಕೆಯಿಂದ ಕಣ್ಣೆತ್ತಿದ ಭಾವ ಮಾತ್ರ, ತನ್ನ ಹೊಟ್ಟೆಯ ಪ್ರಸ್ತಾಪ ಯಾಕೆ ಬಂತೆಂದು ವಿಚಾರಿಸಿದ.

ಮಾತು ಕೊಟ್ಟ ಮೇಲೆ ಅಕ್ಕ ಮೊದಲು ಮಾಡಿದ ಕೆಲಸ ತನಗೊಂದು ಉಡುಪು ಹೊಲಿದುಕೊಂಡದ್ದು. ಹಳೆಯ ದಪ್ಪ ಪರದೆಯ ಬಟ್ಟೆಯಲ್ಲಿ ಕೊರಳಿನಿಂದ ಕಾಲಿನವರೆಗೆ ಒಂದೇ ತುಂಡಿನ ಅಂಗಿ-ಪಾಯಿಜಾಮ. ಬೆನ್ನಿಗೆ ಎರಡು ಪದರ, ಮೊಣಕೈಗೆ ಮೆತ್ತೆ, ಎದೆಯ ಮೇಲೆ ಸ್ಪಾನರ್ ಸಿಕ್ಕಿಸಲು ಉದ್ದುದ್ದ ಜೇಬು. ಮಲಗಿದಾಗ ಜೇಬಿನಿಂದ ಏನೂ ಮುಖದ ಮೇಲೆ ಬೀಳದ ಹಾಗೆ ಪ್ರತಿ ಜೇಬಿಗೂ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಪರದೆಯ ಮೇಲಿದ್ದ ದೊಡ್ಡ ದೊಡ್ಡ ಹಳದಿ ಹೂವು ಹಾಗೇ ಉಳಿಯಿತು. ಅದನ್ನು ತೊಟ್ಟು ಅವಳು ಶೆಡ್ಡಿಗೆ ಬಂದಾಗ ಭಾವ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ನಮ್ಮ ಕಿಟಕಿ ನಡೆದುಕೊಂಡು ಬರುತ್ತಿದೆ ಎಂದ.

ಎರಡನೆಯ ಕೆಲಸ ಶಾಫ್ಟನ್ನು ತೊಳೆದದ್ದು. ಗ್ರೀಸಪ್ಪ ಬೆನ್ನಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಿದ್ದಾಗ, ಮೂಲೆಯಲ್ಲಿ ಗೋಣಿತಾಟಿನೊಳಗೆ ಸುತ್ತಿಟ್ಟಿದ್ದ ಆ ಕಬ್ಬಿಣದ ಕೊಳವೆಯನ್ನು ಅವಳು ಹೊರಗೆಳೆದಳು. ಎತ್ತಿದರೆ ಒಂದು ಎಳೆಗರುವಿನಷ್ಟು ಭಾರ. ಮೈಯೆಲ್ಲ ಹಳೆಯ ಎಣ್ಣೆ, ಧೂಳು, ಅಲ್ಲಲ್ಲಿ ಬಿಳಿ ಬಣ್ಣದ ಕಲೆ. ಕೊಳಕು ಕಂಡರೆ ಅವಳಿಗೆ ಕೈ ನಿಲ್ಲುವುದಿಲ್ಲ. ಸೀಮೆಎಣ್ಣೆ, ತಂತಿಯ ಬ್ರಷ್ಷು, ಹಳೆ ಬನಿಯನ್ನು ಎಲ್ಲ ತಂದು, ಬೆಳಗಿದ ಪಾತ್ರೆಯ ಹಾಗೆ ಮಾಡಿ, ಕೊಳವೆಯ ಒಂದು ತುಂಡು ಇನ್ನೊಂದರೊಳಗೆ ಜಾರುವಂತಿದ್ದ ಕಡೆ ಎರಡನ್ನೂ ಬೇರೆ ಮಾಡಿ ಒಳಗಿನ ಹಲ್ಲುಗಳನ್ನೂ ಉಜ್ಜಿ ಒಣಗಿಸಿದಳು. ಗ್ರೀಸಪ್ಪ ಬಂದು ನೋಡಿ ಹುಬ್ಬೇರಿಸಿದ. ಮದುಮಗಳ ಹಾಗೆ ಮಾಡಿದ್ದೀಯಲ್ಲ ಎಂದ. ಬಹಳ ದಿನಕ್ಕೆ ಅವನ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಅವಳಿಗೆ ಸಂತೋಷವಾಯಿತು.

ಮರುದಿನ ಅವನು ಕುರ್ಚಿ ಹಾಕಿಸಿಕೊಂಡು ಕೂತು ಪಾಠ ಶುರು ಮಾಡಿದ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವುದು ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿರುವ ಈ ಶಾಫ್ಟು. ರಸ್ತೆಯ ಉಬ್ಬುತಗ್ಗಿಗೆ ಹಿಂದಿನ ಚಕ್ರ ಕುಣಿಯುತ್ತದೆ. ಶಾಫ್ಟು ಸೆಟೆದುಕೊಂಡೇ ಇದ್ದರೆ ಮುರಿಯುತ್ತದೆ. ಅದಕ್ಕೇ ಎರಡು ತುದಿಗೂ ಒಂದೊಂದು ಕೀಲು, ನಮ್ಮ ಮಣಿಕಟ್ಟಿನ ಹಾಗೆ. ಕೀಲಿನ ನಡುವೆ ಕೂಡಿಸುವ ಗುರುತಿನ ಆಕಾರದ ಉಕ್ಕಿನ ತುಂಡು. ಗ್ಯಾರೇಜಿನವರು ಅದನ್ನು ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕು ತೋಳಿಗೂ ಬಟ್ಟಲಿನಂಥ ಒಂದೊಂದು ಪುಟ್ಟ ಕಪ್ಪು, ಕಪ್ಪಿನ ಒಳಗೋಡೆಗೆ ಸುತ್ತಲೂ ಒತ್ತೊತ್ತಾಗಿ ನಿಂತ ಉಕ್ಕಿನ ಸೂಜಿಗಳು. ತೋಳು ತಿರುಗುವುದು ಆ ಸೂಜಿಗಳ ಮೇಲೆ.

ಸೂಜಿ ಎಂದದ್ದೇ ಅಕ್ಕನಿಗೆ ಧೈರ್ಯ ಬಂತು. ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣಿಲ್ಲದ ಗಿಡ್ಡ ಸೂಜಿಗಳು, ಗ್ರೀಸಿನಲ್ಲಿ ಸಾಲಾಗಿ ನಿಂತಿದ್ದವು.

ಮೊದಲ ಕ್ರಾಸ್ ಸಲೀಸಾಗಿ ಕೂತಿತು. ಶಾಫ್ಟಿನ ತುದಿಯ ಕವೆಯೊಳಗೆ ಕ್ರಾಸನ್ನು ಓರೆಯಾಗಿ ತೂರಿಸುವುದು, ಎರಡು ಕಡೆಯಿಂದ ಕಪ್ಪು ಇಡುವುದು, ಬೆಂಚಿಗೆ ಬಿಗಿದಿದ್ದ ವೈಸಿನ ಬಾಯಲ್ಲಿ ಇಟ್ಟು ಹಿಡಿ ತಿರುಗಿಸಿ ಒಳಗೆ ಒತ್ತುವುದು, ಕಪ್ಪು ಹೊರಗೆ ಬಾರದ ಹಾಗೆ ಅಂಚಿನ ಕಚ್ಚಿನಲ್ಲಿ ಲಾಕಿನ ಬಳೆ ಹಾಕುವುದು. ಎರಡನೆಯ ಕ್ರಾಸಿನ ಕೊನೆಯ ಕಪ್ಪು ಮಾತ್ರ ಹಟ ಹಿಡಿಯಿತು. ಲಾಕು ಕೂರಲು ಒಂದು ದಾರದೆಳೆಯಷ್ಟು ಜಾಗ ಸಾಲದು. ಇನ್ನೂ ಒತ್ತು ಎಂದ ಗ್ರೀಸಪ್ಪ. ಅವಳು ಹಿಡಿ ತಿರುಗಿಸಿದಳು, ನಿಲ್ಲಿಸಿದಳು. ಇನ್ನೂ ಎಂದ. ಅವಳು ಕೈ ತೆಗೆದುಬಿಟ್ಟಳು.

"ಒಳಗೆ ಏನೋ ಇದೆ ಕಣೋ. ಗಟ್ಟಿ ಬಟ್ಟೆ ಬೇರೆ, ಬಟ್ಟೆ ಕೆಳಗೆ ಗುಂಡುಪಿನ್ನು ಸಿಕ್ಕಿದ್ರೆ ಅದೇ ಬೇರೆ. ಇದು ಪಿನ್ನು ಸಿಕ್ಕಿದ ಹಾಗಿದೆ."

ಗ್ರೀಸಪ್ಪ ತನ್ನ ಹಣೆಯನ್ನು ತಾನೇ ತಟ್ಟಿಕೊಂಡು, ಕಪ್ಪನ್ನು ಬಿಚ್ಚು ಎಂದ. ಬಿಚ್ಚಿ ನೋಡಿದರೆ ಒಂದು ಸೂಜಿ ಸಾಲು ತಪ್ಪಿ ಕಪ್ಪಿನ ತಳದಲ್ಲಿ ಅಡ್ಡ ಮಲಗಿತ್ತು. ಇನ್ನೊಂದು ಸುತ್ತು ಒತ್ತಿದ್ದರೆ ಕಪ್ಪು ಒಡೆಯುತ್ತಿತ್ತು. ಹೊಸದಾಗಿ ಗ್ಯಾರೇಜಿಗೆ ಸೇರಿದ ಕಾಲದಲ್ಲಿ ತಾನು ಹೀಗೆ ಎಷ್ಟು ಕಪ್ಪು ಒಡೆದೆ, ಮೇಸ್ತ್ರಿಯಿಂದ ತಿಂದ ಏಟೆಷ್ಟು ಎಂದು ಅವನು ಹೇಳತೊಡಗಿದ. ಅಕ್ಕ ಚಿಮಟಿಗೆಯಲ್ಲಿ ಸೂಜಿಯನ್ನು ಎತ್ತಿ, ಇನ್ನಷ್ಟು ಗ್ರೀಸು ಮೆತ್ತಿ, ಸಾಲಿನಲ್ಲಿ ನಿಲ್ಲಿಸುತ್ತ ಕೇಳಿಸಿಕೊಂಡಳು. ಕತೆ ಮುಗಿಯುವಷ್ಟರಲ್ಲಿ ಲಾಕು ಕಿಟ್ ಎಂದು ಕೂತಿತ್ತು.

ಅದಾದ ಮೇಲೆ ಕೊಳವೆಯ ಎರಡು ತುಂಡುಗಳನ್ನು ಒಂದರೊಳಗೊಂದು ಸೇರಿಸಬೇಕಿತ್ತು. ಹಲ್ಲಿಗೆ ಹಲ್ಲು ಕೂಡಿ ಜಾರುವ ಜಾಗ ಅದು. ಗುರುತಿಗೆ ಗುರುತು ಸೇರಿಸು ಎಂದು ಗ್ರೀಸಪ್ಪ ಕುರ್ಚಿಯಿಂದಲೇ ಹೇಳಿದ. ಅವಳು ಹುಡುಕಿದಳು. ಒಂದು ತುಂಡಿನ ಮೇಲೆ ಒಂದು ಗೀರು, ಇನ್ನೊಂದರ ಮೇಲೆ ಇನ್ನೊಂದು ಗೀರು ಕಂಡಿತು. ಎರಡನ್ನೂ ಎದುರುಬದುರು ತಂದು ಒಳಗೆ ಜಾರಿಸಿದಳು. ಆಯ್ತಾ ಎಂದ. ಆಯ್ತು ಎಂದಳು.

ನಿಜವಾದ ಪಜೀತಿ ಗಾಡಿಯ ಕೆಳಗೆ ಹೋದ ಮೇಲೆ ಶುರುವಾದದ್ದು. ಮೊದಲ ಸಲ ತೆವಳಿ ಒಳಗೆ ಹೋದಾಗ ಅವಳಿಗೆ ಎದೆ ಢವಗುಟ್ಟಿತು. ಮೂಗಿನ ಮೇಲೆ ಒಂದು ಗೇಣಿಗೆ ಇಡೀ ಗಾಡಿ. ಸ್ಟ್ಯಾಂಡುಗಳು ಅಲುಗುವುದಿಲ್ಲವೆಂದು ಗ್ರೀಸಪ್ಪ ಮುಂಚೆಯೇ ಗಾಡಿಯನ್ನು ಅಲ್ಲಾಡಿಸಿ ತೋರಿಸಿದ್ದ. ಆದರೂ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದಳು. ಕೆಳಗೆ ತಂಪಾಗಿತ್ತು. ಹಳೆಯ ಎಣ್ಣೆಯ ವಾಸನೆ ಬರುತ್ತಿತ್ತು. ಮನೆಗೆ ಬಂದಾಗಲೆಲ್ಲ ತಮ್ಮನ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ. ಎದೆಬಡಿತ ತಾನಾಗಿ ಇಳಿಯಿತು.

ಶಾಫ್ಟಿನ ಭಾರಕ್ಕೆ ಅವಳೇ ಉಪಾಯ ಮಾಡಿದ್ದಳು. ಚೀಲಕ್ಕೆ ಹಾಕುವ ಅಗಲದ ಪಟ್ಟಿಯನ್ನು ಮಡಿಸಿ ಹೊಲಿದು, ಬಕಲು ಹಾಕಿ, ಗಾಡಿಯ ಅಡ್ಡಪಟ್ಟಿಗೆ ತೂಗುಹಾಕಿದಳು. ಶಾಫ್ಟಿನ ಹಿಂದಿನ ತುದಿ ಆ ಜೋಲಿಯಲ್ಲಿ ಮಗುವಿನ ಹಾಗೆ ಮಲಗಿತು. ಮುಂದಿನ ತುದಿಯ ದುಂಡು ತಟ್ಟೆಯನ್ನು ಗೇರ್‌ಬಾಕ್ಸಿನ ತಟ್ಟೆಗೆ ಸೇರಿಸಿ ಬೋಲ್ಟು ಹಾಕಬೇಕು. ಇಲ್ಲಿಗೆ ಬಂದಾಗ ಅಕ್ಕ ತಮ್ಮಂದಿರ ಮಾತು ಹೊಂದಲಿಲ್ಲ. ಅವನು ಎಡಕ್ಕೆ ಎಂದರೆ ತಾನು ಕೂತಲ್ಲಿಂದ ಎಡಕ್ಕೆ. ಅವಳು ಮಲಗಿದಲ್ಲಿ ಅದು ಬಲ. ಬಿಗಿ ಎಂದರೆ ಸಡಿಲಾಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಅವನ ದನಿ ಏರಿತು. ಇಷ್ಟು ಸಣ್ಣದು ತಿಳಿಯಲ್ವಾ ಎಂದ. ಅವಳು ಗಾಡಿಯ ಕೆಳಗಿನಿಂದ ತೆವಳಿ ಹೊರಬಂದು, ಸ್ಪಾನರನ್ನು ಅವನ ತೊಡೆಯ ಮೇಲಿಟ್ಟಳು.

"ನೀನು ಹೇಳಿಕೊಡ್ತಿದ್ದೀಯೋ, ಬೈತಿದ್ದೀಯೋ, ಮೊದಲು ಅದನ್ನ ತೀರ್ಮಾನ ಮಾಡು. ನನಗೆ ಕೋಟು ಹೊಲಿಯೋದಿದೆ."

ಅವಳು ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ಹಳದಿ ಹೂವಿನ ಉಡುಪಿನಲ್ಲೇ. ಅವನು ಶೆಡ್ಡಿನಲ್ಲಿ ಕುರ್ಚಿಯ ಮೇಲೇ ಉಳಿದ. ನಡುವೆ ಪಡಸಾಲೆಯಲ್ಲಿ ಭಾವ. ಆಮೇಲೆ ಭಾವ ಪತ್ರಿಕೆ ಮಡಿಸಿಟ್ಟು ಎದ್ದ. ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಉದ್ದದ ಕನ್ನಡಿಯನ್ನು ಗೋಡೆಯಿಂದ ಇಳಿಸಿದ. ಹೆಂಡತಿ ಏನು ಮಾಡುತ್ತೀರಿ ಎಂದು ಕೇಳಿದರೆ ಉತ್ತರ ಕೊಡದೆ ಅದನ್ನು ಶೆಡ್ಡಿಗೆ ಒಯ್ದು, ಗಾಡಿಯ ಪಕ್ಕ ನೆಲದ ಮೇಲೆ ಓರೆಯಾಗಿ ಒರಗಿಸಿ, ಟಾರ್ಚು ಹಚ್ಚಿ ಕೆಳಗಿಟ್ಟ. ಕುರ್ಚಿಯಲ್ಲಿ ಕೂತಿದ್ದ ಗ್ರೀಸಪ್ಪನಿಗೆ ಗಾಡಿಯ ಹೊಟ್ಟೆಯೆಲ್ಲ ಕನ್ನಡಿಯಲ್ಲಿ ಕಂಡಿತು.

"ಭಾವ, ಕಾಣೋದೇನೋ ಕಾಣತ್ತೆ," ಎಂದ ಅವನು. "ಆದ್ರೆ ಎಲ್ಲ ಉಲ್ಟಾ ಅಲ್ವಾ?"

ಭಾವ ಗಂಟಲು ಸರಿಮಾಡಿಕೊಂಡ. ಅಚ್ಚುಕೂಟದಲ್ಲಿ ಕನ್ನಡಿಯಲ್ಲಿ ಕಂಡ ಹಾಗಿರುವ ತಿರುಗುಮುರುಗು ಅಕ್ಷರಗಳನ್ನು ತಲೆಕೆಳಗಾಗಿ ಜೋಡಿಸುತ್ತಾರೆ, ಓದುವುದೂ ಹಾಗೆಯೇ. ತಾನು ಇಡೀ ಆಯುಷ್ಯ ಲೋಕವನ್ನು ಉಲ್ಟಾ ಓದಿಯೇ ಅನ್ನ ತಿಂದವನು, ಈಗ ಒಂದು ಬೋಲ್ಟು ಓದಲಾರೆನೇ ಎಂದು ಕೇಳಿದ.

ಅಕ್ಕನಿಗೆ ನಗು ಬಂದರೂ ತೋರಗೊಡದೆ ಮರಳಿ ಬಂದು ಮಲಗಿದಳು. ಅಲ್ಲಿಂದ ಮುಂದೆ ಗ್ರೀಸಪ್ಪ ಕನ್ನಡಿ ನೋಡಿ ಭಾವನಿಗೆ ಹೇಳುವುದು, ಭಾವ ಅದನ್ನು ತಿರುಗಿಸಿ ಹೆಂಡತಿಗೆ ಹೇಳುವುದು. ಎಡಬಲದ ಗೊಡವೆಯೇ ಬೇಡವೆಂದು ಭಾವ ಹೊಸ ಭಾಷೆ ಮಾಡಿದ: "ನಿನ್ನ ಬಳೆ ಕೈ ಕಡೆಗೆ", "ನಿನ್ನ ಗಡಿಯಾರದ ಕೈ ಕಡೆಗೆ". ಬೋಲ್ಟುಗಳು ಒಂದಾದ ಮೇಲೊಂದು ಕೂತವು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು ಎಂದಾಗ, ಹೇಳಿಕೊಡಬೇಕಾಗಿಲ್ಲ, ಕಾಲರ್ ಕೂರಿಸುವುದೂ ಹಾಗೇ ಎಂದಳು ಅಕ್ಕ. ಹಿಂದಿನ ತಟ್ಟೆಯೂ ಸೇರಿತು. ಜೋಲಿ ಬಿಚ್ಚಿದರು. ಶಾಫ್ಟು ತನ್ನ ಜಾಗದಲ್ಲಿ ನಿಂತಿತು. ಅವಳು ಕೈಯಿಂದ ಅದನ್ನು ಮೆಲ್ಲಗೆ ಹೊರಳಿಸಿದಳು. ಒಂದಿಷ್ಟೂ ಟಕ್ ಎನ್ನಲಿಲ್ಲ. ಹೊರಗೆ ಬಂದಾಗ ಅವಳ ಮುಖದ ಮೇಲೆ ಮಸಿಯ ಪಟ್ಟೆ ಎಳೆದಿತ್ತು. ಗಂಡ ಒರೆಸಿಕೋ ಎಂದು ತನ್ನ ಕರ್ಚೀಫು ಕೊಟ್ಟ.

ಗಾಡಿಯನ್ನು ಸ್ಟ್ಯಾಂಡುಗಳಿಂದ ಇಳಿಸಿ, ಬ್ಯಾಟರಿ ಜೋಡಿಸಿ, ಗ್ರೀಸಪ್ಪ ಸೀಟಿನಲ್ಲಿ ಕೂತ. ಸ್ವಲ್ಪ ದೂರ ಓಡಿಸಬಹುದೆಂದು ಡಾಕ್ಟರು ಹೇಳಿದ್ದರು. ಇಂಜಿನ್ ಒಂದಷ್ಟು ಕೆಮ್ಮಿ ಎದ್ದಿತು. ಬೀದಿಯ ಜನ ಬಾಗಿಲಿಗೆ ಬಂದರು. ಗಾಡಿ ಗೇಟು ದಾಟಿ, ಬೇಕರಿ ದಾಟಿ, ಕೊನೆಯ ತಿರುವಿನವರೆಗೆ ಗಂಭೀರವಾಗಿ ಹೋಯಿತು. ಅಕ್ಕ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ದೊಡ್ಡ ರಸ್ತೆಗೆ ಇಳಿದು ವೇಗ ಏರಿದ ಕೂಡಲೇ ಸೀಟಿನ ಕೆಳಗೆ ನಡುಕ ಶುರುವಾಯಿತು. ಮೊದಲು ಜೇನು ಗುಂಯ್‌ಗುಟ್ಟಿದ ಹಾಗೆ. ಇನ್ನೂ ಏರಿಸಿದರೆ ಕನ್ನಡಿ, ಬಾಗಿಲು, ಅಕ್ಕನ ಗದ್ದ ಎಲ್ಲ ಕುಲುಕತೊಡಗಿದವು. ಹಿಂದೆ ಕೂತಿದ್ದ ಭಾವನ ಮಾತು ತುಂಡುತುಂಡಾಗಿ ಬರುತ್ತಿತ್ತು.

ಗ್ರೀಸಪ್ಪ ಗಾಡಿಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದ. ಅಕ್ಕನಿಗೆ ಮುಖ ಎತ್ತಲಾಗಲಿಲ್ಲ. ಎಲ್ಲಿ ತಪ್ಪಿದೆನೋ, ಯಾವ ಬೋಲ್ಟು ಬಿಟ್ಟೆನೋ ಎಂದು ಮನಸ್ಸಿನಲ್ಲೇ ಮತ್ತೆ ಮಲಗಿ ನೋಡುತ್ತಿದ್ದಳು. ಇವನು ಈಗ ಬೈಯುತ್ತಾನೆ, ಇಲ್ಲವೇ ಮತ್ತೆ ಬಾಯಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ ಎಂದುಕೊಂಡಳು.

"ಅಕ್ಕ," ಎಂದ ಅವನು, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ. "ಶಾಫ್ಟು ತೊಳೆದೆಯಲ್ಲ, ಅದರ ಮೇಲೆ ಬಿಳಿ ಬಣ್ಣದ ಚುಕ್ಕೆ ಇತ್ತಾ?"

"ಇತ್ತು. ಸುಣ್ಣವೋ ಏನೋ ಸಿಡಿದಿದೆ ಅಂತ ಚೆನ್ನಾಗಿ ಉಜ್ಜಿದೆ."

"ಅದೇ ಗುರುತು."

ಗ್ರೀಸಪ್ಪನ ಭುಜ ಅಲುಗಿತು. ಅವನು ಬೆನ್ನು ಹಿಡಿದುಕೊಂಡು, ಅಯ್ಯೋ ನೋಯುತ್ತದೆ ಎನ್ನುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಲೋಕದಲ್ಲಿ ಯಾವ ಗ್ಯಾರೇಜಿನವನೂ ಶಾಫ್ಟನ್ನು ಅಷ್ಟು ಚೊಕ್ಕಟವಾಗಿ ತೊಳೆದಿಲ್ಲ, ಅದಕ್ಕೇ ಯಾರಿಗೂ ಹೀಗಾಗಿಲ್ಲ ಎಂದ. ಅಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳೂ ನಕ್ಕಳು. ಅವನು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಗುರುತು ಅಳಿಸಿದ್ದೇ ಒಳ್ಳೆಯದಾಯಿತೇನೋ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು.

ಮೆಲ್ಲಗೆ ಓಡಿಸಿಕೊಂಡು ಮನೆಗೆ ಬಂದರು. ಬೇಕರಿಯವನು ಏನಾಯಿತೆಂದು ಕೇಳಿದ್ದಕ್ಕೆ ಭಾವ, ಏನಿಲ್ಲ, ಒಂದು ಅಚ್ಚಿನ ತಪ್ಪು, ನಾಳೆ ತಿದ್ದುಪಡಿ ಬರುತ್ತದೆ ಎಂದ.

ಮರುದಿನ ಬೆಳಗ್ಗೆ ಮತ್ತೆ ಸ್ಟ್ಯಾಂಡು, ಮತ್ತೆ ಜೋಲಿ, ಮತ್ತೆ ಕನ್ನಡಿ. ಈ ಸಲ ಕೈ ಪಳಗಿತ್ತು. ಶಾಫ್ಟು ಬೆಂಚಿಗೆ ಬಂತು. ಗುರುತು ಹೋದರೆ ಹೋಗಲಿ, ಕಣ್ಣಿಲ್ಲವೇ ಎಂದ ಗ್ರೀಸಪ್ಪ. ಎರಡು ತುದಿಯ ಕವೆಗಳೂ ಒಂದೇ ಮಟ್ಟಕ್ಕೆ ಮುಖ ಮಾಡಿರಬೇಕು. ಹಾಗಿದ್ದರೆ ಒಂದು ಕೀಲು ತಂದ ಏರುಪೇರನ್ನು ಇನ್ನೊಂದು ಕೀಲು ಸರಿಮಾಡುತ್ತದೆ. ಮಟ್ಟ ತಪ್ಪಿದರೆ ಎರಡೂ ಸೇರಿ ಕುಣಿಸುತ್ತವೆ. ಅಕ್ಕ ಬಗ್ಗಿ, ಒಂದು ಕಣ್ಣು ಮುಚ್ಚಿ, ಕೊಳವೆಯುದ್ದಕ್ಕೂ ನೋಡಿದಳು. ಈಗ ಅವಳಿಗೂ ಕಂಡಿತು: ಹತ್ತಿರದ ಕವೆ ನೆಟ್ಟಗೆ, ದೂರದ್ದು ಒಂದಿಷ್ಟು ಕತ್ತು ವಾಲಿಸಿಕೊಂಡು. ಒಂದು ತೋಳು ಮುಂದಕ್ಕೆ, ಇನ್ನೊಂದು ತೋಳು ಹಿಂದಕ್ಕೆ ತಿರುಗಿದ ಕೋಟಿನ ಹಾಗಿತ್ತು. ನಿನ್ನೆ ಇದು ಹೇಗೆ ಕಾಣಲಿಲ್ಲವೋ.

ಅವಳು ತುಂಡನ್ನು ಹೊರಗೆಳೆದು, ಹಲ್ಲು ದಾಟಿಸಿ, ಮತ್ತೆ ಜಾರಿಸಿದಳು. ಸಾಲದೆನಿಸಿ ಮತ್ತೊಂದು ಹಲ್ಲು ದಾಟಿಸಿದಳು. ಎರಡು ಕವೆಗಳ ಕಪ್ಪಿನ ಮೇಲೂ ನೇರ ಪಟ್ಟಿ ಇಟ್ಟು ನೋಡಿದಳು. ಗ್ರೀಸಪ್ಪ ಕುರ್ಚಿಯಿಂದ ಎದ್ದು ಬಂದು, ಕೋಲಿನ ಮೇಲೆ ಭಾರ ಹಾಕಿ ಬಗ್ಗದೆಯೇ ನೋಡಿ, ತಲೆಯಾಡಿಸಿದ. ಅವಳು ಬಟ್ಟೆಗೆ ಗೀಚುವ ಸೀಮೆಸುಣ್ಣ ತೆಗೆದಳು. ಅದು ಬೇಡ, ನೀನು ಮತ್ತೆ ಒರೆಸಿಬಿಡುತ್ತೀಯ ಎಂದು ಅವನು ಉಳಿಯಿಂದ ಎರಡೂ ತುಂಡಿನ ಮೇಲೆ ಒಂದೊಂದು ಚುಕ್ಕೆ ಹೊಡೆಸಿದ.

ಮಧ್ಯಾಹ್ನದ ಹೊತ್ತಿಗೆ ಗಾಡಿ ದೊಡ್ಡ ರಸ್ತೆಯಲ್ಲಿತ್ತು. ಗ್ರೀಸಪ್ಪ ಮೆಲ್ಲಮೆಲ್ಲಗೆ ವೇಗ ಏರಿಸಿದ. ಮೂವರೂ ಕಿವಿ ನಿಮಿರಿಸಿ ಕೂತಿದ್ದರು. ನಿನ್ನೆ ನಡುಕ ಶುರುವಾದ ವೇಗ ಬಂತು, ದಾಟಿತು. ಇಂಜಿನ್ನಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಅಕ್ಕ ಅಂಗೈಯನ್ನು ನೆಲಹಾಸಿಗೆ ಒತ್ತಿ ಹಿಡಿದಳು. ಕೆಳಗೆ ಶಾಫ್ಟು ತಿರುಗುತ್ತಿದೆಯೋ ಇಲ್ಲವೋ ಎಂಬಷ್ಟು ಶಾಂತ. ಅವಳಿಗೆ ಏನಾದರೂ ಹೇಳಬೇಕೆನಿಸಿತು. ಚೆನ್ನಾಗಿದೆ ಎಂದಳು. ಹೂಂ ಎಂದ ತಮ್ಮ. ಅವನ ಒಂದು ಕೈ ಕಿಟಕಿಯ ಅಂಚಿನ ಮೇಲೆ ಹಳೆಯ ಠೀವಿಯಲ್ಲಿ ಮಲಗಿತ್ತು.

ಊರಿನಾಚೆ, ರಸ್ತೆ ನೇರವಾಗಿ ಖಾಲಿಯಾಗಿ ಹೋಗುವಲ್ಲಿ, ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಾರು ರಿಪೇರಿ ಮಾಡಿದ್ದು ಎಂದು ಕೇಳಿದ. ಗ್ರೀಸಪ್ಪ ಗದ್ದದಿಂದ ಅಕ್ಕನನ್ನು ತೋರಿಸಿದ. ಅಂಗಡಿಯವನು ಅದನ್ನು ತಮಾಷೆ ಎಂದುಕೊಂಡು ಭಾವನ ಕಡೆ ನೋಡಿ ನಕ್ಕ. ಭಾವ ನಗಲಿಲ್ಲ. ತಾನು ಬರೀ ಕನ್ನಡಿ ಹಿಡಿದವನು ಎಂದ.

ಚಹಾ ಕುಡಿದು ಹಿಂದಿರುಗುವಾಗ ಗ್ರೀಸಪ್ಪ ಬೀಗದಕೈಯನ್ನು ಅಕ್ಕನ ಅಂಗೈಯಲ್ಲಿ ಇಟ್ಟ.

"ಬೆನ್ನು ಸ್ವಲ್ಪ ಬಿಗಿದಿದೆ. ಮುಂದಕ್ಕೆ ನೀನು ನಡೆಸು."

"ನನಗೆಲ್ಲಿ ಬರತ್ತೋ?"

"ಶಾಫ್ಟು ಹಾಕೋಕೆ ಬರ್ತಿತ್ತಾ? ಕಾಲಲ್ಲಿ ಪೆಡಲು ತುಳಿಯೋದು, ಕೈಯಲ್ಲಿ ದಿಕ್ಕು ತಿರುಗಿಸೋದು. ನೀನು ಚಿಕ್ಕಂದಿನಿಂದ ಇದನ್ನೇ ಮಾಡ್ತಿದ್ದೀಯ."

ಭಾವ ಹಿಂದಿನ ಬಾಗಿಲು ತೆರೆದು ಇಳಿದೇಬಿಟ್ಟ. ಹೆದರಿಕೆಯಿಂದಲ್ಲ, ಊಟ ಅರಗಲು ನಡೆಯುವುದು ಒಳ್ಳೆಯದೆಂದು ಹೇಳಿದ. ಗಾಡಿ ಮೊದಲು ಜಿಗಿದು ನಿಂತಿತು. ಮತ್ತೆ ಜಿಗಿದು ನಿಂತಿತು. ಕ್ಲಚ್ಚನ್ನು ಹೊಲಿಗೆಯ ಕೊನೆಯಲ್ಲಿ ಪೆಡಲು ಬಿಡುವ ಹಾಗೆ ಬಿಡು ಎಂದ ಗ್ರೀಸಪ್ಪ. ಅವಳು ಹಾಗೆ ಬಿಟ್ಟಳು. ಗಾಡಿ ತೆವಳತೊಡಗಿತು.

ಅವಳ ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗಿನ ಮೇಲೆ ಬಿಗಿ. ಕಿಟಕಿಯ ಪಕ್ಕದಲ್ಲಿ ಭಾವ ಕೈ ಬೀಸಿಕೊಂಡು ನಡೆಯುತ್ತಿದ್ದ. ಒಮ್ಮೆ ಗಾಡಿಗಿಂತ ಮುಂದೆ ಹೋದ, ಹಿಂದಿರುಗಿ ನೋಡಿ ಕಾದು ನಿಂತ. ಲಿಫ್ಟು ಬೇಕಾ ಎಂದು ಕೇಳಿದಳು ಅವಳು, ರಸ್ತೆಯಿಂದ ಕಣ್ಣು ಕೀಳದೆ. ಬೇಡ, ತನಗೆ ಸ್ವಲ್ಪ ಅವಸರವಿದೆ ಎಂದ ಅವನು. ಗ್ರೀಸಪ್ಪ ಸೀಟಿಗೆ ಒರಗಿ ಕಣ್ಣು ಅರೆಮುಚ್ಚಿದ್ದ. ಅವನ ಕಿವಿ ಮಾತ್ರ ಇಂಜಿನ್ನಿನ ಮೇಲಿತ್ತು.

"ಈಗ ಎರಡನೇ ಗೇರು ಹಾಕಬಹುದು," ಎಂದ.

ಅವಳು ಕ್ಲಚ್ಚು ಒತ್ತಿದಳು. ಗೇರು ಕರ್ ಎಂದು ಗೊಣಗಿ ಒಳಗೆ ಕೂತಿತು. ಗಾಡಿ ಮುಂದಕ್ಕೆ ಜಾರಿತು. ಭಾವ ಹಿಂದೆ ಉಳಿದು, ನಿಲ್ಲಿಸು, ನಿಲ್ಲಿಸು ಎನ್ನುತ್ತ ಹೆಜ್ಜೆ ಜೋರು ಮಾಡಿದ. ನಿಲ್ಲಿಸುವುದು ಹೇಗೆಂದು ತಮ್ಮ ಅವಳಿಗೆ ಇನ್ನೂ ಹೇಳಿಕೊಡುತ್ತಿದ್ದ.